ಪೂರ್ತಿ ಕೇಳಿಸಿಕೊಂಡವರು

ಮನೆಮನೆಗೆ ಊಟ ತಲುಪಿಸುವ ಹುಲಿಗೆಪ್ಪನನ್ನು ಎದುರು ಕೂರಿಸಿಕೊಂಡು ಪಾಡ್‌ಕಾಸ್ಟ್‌ನವನು ದುಡಿಮೆ, ಯಂತ್ರ, ಮನುಷ್ಯನ ಘನತೆ ಎಂದು ಮಧ್ಯಾಹ್ನವಿಡೀ ಮಾತಾಡಿಸಿದ. ಇಷ್ಟು ಆಸ್ಥೆಯಿಂದ ತನ್ನ ಮಾತನ್ನು ಯಾರೂ ಕೇಳಿರಲಿಲ್ಲವೆಂದು ಹುಲಿಗೆಪ್ಪನಿಗೆ ಎದೆ ತುಂಬಿ ಬಂತು. ಆ ಹುರುಪಿನಲ್ಲಿ, ಸೋಮವಾರ ಮುಷ್ಕರ ಹೂಡಲಿರುವ ಗೆಳೆಯರ ಹೆಸರುಗಳನ್ನೂ ಹೇಳಿಬಿಟ್ಟ.

“ಸರ್, ಹೆಸರು ತಗದುಬಿಡ್ರಿ. ಕಂಪನಿಗೆ ಗೊತ್ತಾದ್ರ ಅವ್ರ ಅನ್ನಕ್ಕ ಕಲ್ಲು ಬೀಳತೈತಿ.”

“ಕತ್ತರಿಸ್ತೀವಿ, ಹೆದರಬೇಡಿ. ಜನಕ್ಕೆ ಕೇಳಿಸಲ್ಲ.”

“ಮತ್ತ ಪೂರ್ತಿ ಯಾರೂ ಕೇಳಂಗಿಲ್ಲಲ್ರಿ?”

“ಸ್ಪಾನ್ಸರ್ ಮಾತ್ರ. ರೆಕಾರ್ಡಿಂಗ್ ನಡೀವಾಗ್ಲೇ ಅವ್ರು ಆಫೀಸಿಂದ ಲೈನಲ್ಲಿ ಕೂತು ಕೇಳ್ತಾರೆ, ನಮ್ಮಲ್ಲಿ ಹಂಗೆ.”

ಸ್ಪಾನ್ಸರ್ ಯಾರೆಂದು ಹುಲಿಗೆಪ್ಪ ಕೇಳುವಷ್ಟರಲ್ಲಿ ಆ ಗೆಳೆಯರಲ್ಲೊಬ್ಬನ ಫೋನು ಬಂತು.

“ಲೇ, ಕಂಪನಿ ಆ್ಯಪ್‌ನ್ಯಾಗ ನಮ್ಮೆಲ್ಲಾರ ಐಡಿ ಈಗಷ್ಟ ಬ್ಲಾಕ್ ಆಗ್ಯಾವು. ನಿಂದರ ಚಾಲೂ ಐತೇನು?”