ಬಾಣಂತಿ ಕೋಣೆಗೆ ಬಂದ ಫೋನು

ಬೋರ್‌ವೆಲ್ ಲಾರಿಯ ಜೊತೆ ಊರೂರು ಸುತ್ತುವ ಗಂಡ, ಮಗಳು ಹುಟ್ಟಿದ ಖುಷಿಗೆ ಟಚ್ ಸ್ಕ್ರೀನ್ ಫೋನು ಕಳಿಸಿದ್ದ. ತವರಿನ ಬಾಣಂತಿ ಕೋಣೆಯಲ್ಲಿ ಕೂತು ನೀಲವ್ವ ಅದನ್ನು ಸೆರಗಿನಿಂದ ಒರೆಸಿದ್ದೇ ಒರೆಸಿದ್ದು. ಮೊದಲ ವಿಡಿಯೋ ಕಾಲ್ ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಎಂಟು ತಿಂಗಳ ಮೇಲೆ ಕಂಡ ಮುಖ!

"ನೋಡ್ರಿ, ಮೂಗು ಥೇಟ್ ನಿಮ್ದ ಐತಿ," ಎಂದು ಕೂಸಿನ ಮುಂದೆ ಫೋನು ಹಿಡಿದಳು.

"ನಂದ ಐತಿ ಬಿಡು," ಗಂಡ ನಕ್ಕ. "ನಿಮ್ಮವ್ವ ಎಲ್ಲದಾಳ?"

"ನೀರಿಗೆ ಹೋಗ್ಯಾಳ್ರಿ. ನಾ ಹೆಂಗ ಕಾಣಾಕತ್ತೀನಿ, ಹೇಳ್ರಲ್ಲ?"

"ಮನ್ಯಾಗ ಮತ್ತ ಯಾರದಾರ?"

"ಯಾರೂ ಇಲ್ರಿ. ನಾನು, ಕೂಸು."

"ಮತ್ತ ಕದಾ ಯಾಕ ಹಾಕ್ಕೊಂಡಿ?"

"ಅಯ್ಯ, ಬಾಣಂತಿ ಅದೀನಲ್ರಿ! ಗಾಳಿ ಹತ್ತಬಾರದಂತ ಅವ್ವ ಕದಾ ಮುಚ್ಚಿ ಹೋಗ್ಯಾಳ."

ಅವನು ಈಗ ಕೂಸನ್ನೂ ನೋಡುತ್ತಿರಲಿಲ್ಲ, ಅವಳನ್ನೂ ನೋಡುತ್ತಿರಲಿಲ್ಲ. ಅವನ ಕಣ್ಣು ಅವಳ ಹೆಗಲಾಚೆ ಗೋಡೆಗುಂಟ ಏನನ್ನೋ ಹುಡುಕುತ್ತಿತ್ತು.

"ಏನ್ರಿ, ಕೂಸಿಗೆ ಹೆಸರು ಏನಿಡೂಣು?" ಅಂದಳು. ದನಿ ಯಾಕೋ ಸಣ್ಣಗಾಗಿತ್ತು.

"ಕೂಸಿನ್ನ ಬದಿಗಿಡು," ಅಂದ ಗಂಡ. "ಫೋನ ಮಂಚದ ಕೆಳಗ ಹಿಡಿ."