ಸಮುದ್ರ ದಾಟಿದವನು

ಬೇಸಿಗೆಯೆಲ್ಲ ವಿದೇಶ ಸುತ್ತಿ ಬಂದ ತಮ್ಮ, ಮಿಂದು ಮಡಿಯುಟ್ಟು ಗರ್ಭಗುಡಿಯ ಹೊಸ್ತಿಲಿಗೆ ಬಂದ. ಅಂದಿನಿಂದ ಪೂಜೆಯ ಪಾಳಿ ಅವನದು. ಅಣ್ಣ ಬಾಗಿಲಿಗೆ ಅಡ್ಡವಾಗಿ ಕೈಯಿಟ್ಟ.

"ಅಲ್ಲೇ ನಿಲ್ಲೋ! ಸಮುದ್ರ ದಾಟಿದವನು ದೇವರನ್ನ ಮುಟ್ಟೋ ಹಾಗಿಲ್ಲ. ಇನ್ಮೇಲೆ ನಿನ್ನ ಪಾಳಿಯೂ ನಂದೇ."

"ಪ್ರಾಯಶ್ಚಿತ್ತ ಮಾಡ್ಕೋತೀನಿ."

"ಯಾವ ನದೀಲಿ ಮುಳುಗಿದ್ರೂ ಹೋಗೋ ಮೈಲಿಗೆಯಲ್ಲ ಅದು. ಅಷ್ಟು ದೇಶ ಅಲೆದು ಕಲಿತಿದ್ದಾದರೂ ಏನು, ಕೋಟು ಹಾಕೋದಾ?"

ತಮ್ಮ ದನಿ ಏರಿಸಲಿಲ್ಲ.

"ಒಂದೇ ಪಾಠ, ಅಣ್ಣಯ್ಯ. ಚಿಕ್ಕಂದಿನಲ್ಲಿ ನಾನು ಬೀಳಿಸಿ ಕಿರುಬೆರಳು ಮುರಿದಿದ್ದ ಪಂಚಲೋಹದ ದೇವರನ್ನ, ಹೋದ ವರ್ಷ ಮೆರುಗು ಹಾಕಿಸ್ತೀನಿ ಅಂತ ನೀನೇ ಹೊತ್ಕೊಂಡು ಹೋದೆ; ವಾಪಸ್ ತಂದಿಟ್ಟ ದೇವರಿಗೆ ಬೆರಳು ನೆಟ್ಟಗಿತ್ತು. ಮೊದಲಿದ್ದವನೂ ಸಮುದ್ರ ದಾಟಿದಾನೆ. ಅಲ್ಲೊಬ್ಬ ಸಾಹುಕಾರನ ಗಾಜಿನ ಕಪಾಟಿನಲ್ಲಿ, ಅದೇ ಮುರಿದ ಬೆರಳಿಟ್ಕೊಂಡು ನಿಂತಿದ್ದ."