ನಿಧಾನದ ಚೆಂಡು

ಚೆಂಡು ಸಾಫ್ಟ್‌ಬಾಲ್ ಮೈದಾನದ ಬೇಲಿ ದಾಟಿ, ಆಚೆ ನಿಲ್ಲಿಸಿದ್ದ ಯಾರದೋ ಕಾರಿನ ಮೇಲೆ ಬಿತ್ತು. ಬ್ಯಾಟರ್ ಓಡಲೂ ಇಲ್ಲ. ನಡೆದುಕೊಂಡೇ ಬೇಸುಗಳನ್ನು ಸುತ್ತಿದಳು.

ಕೋಚ್ ಬೆಂಚಿನಿಂದ ಏಳಲಿಲ್ಲ. ಅವಳನ್ನು ಕುಟುಕಿದ್ದು ಹೊಡೆತವಲ್ಲ, ಅದರ ಹಿಂದಿನ ಕ್ಷಣ. ನಿಧಾನದ ಚೆಂಡು ಎಂದರೆ ಮೋಸದ ಚೆಂಡು. ಚೆಂಡೆಸೆಯುವ ಪಿಚರ್‌ಳ ತೋಳು ಬಿರುಸಾಗಿಯೇ ತಿರುಗುತ್ತದೆ, ಬೆರಳ ಹಿಡಿತವಷ್ಟೇ ಬೇರೆ, ಚೆಂಡು ಮಾತ್ರ ತೂಕಡಿಸುತ್ತ ಬರುತ್ತದೆ, ಬ್ಯಾಟರ್ ಅವಸರಪಟ್ಟು ಗಾಳಿಗೆ ಬೀಸುತ್ತಾಳೆ. ಈ ಹುಡುಗಿ ಅವಸರಪಡಲಿಲ್ಲ. ಬಸ್ಸಿಗೆ ಕಾಯುವವಳಂತೆ ಕಾದಿದ್ದಳು. ಗೊತ್ತಿತ್ತು ಅವಳಿಗೆ.

ಯಾರೋ ಹೇಳಿಕೊಡುತ್ತಿದ್ದಾರೆ.

ಯಾವ ಚೆಂಡು ಎಂದು ತೀರ್ಮಾನಿಸುವವಳು ಕೋಚ್. ಎಡಗೈಯಿಂದ ಟೋಪಿ, ಕಿವಿ, ಗಲ್ಲ ಮುಟ್ಟಿ ಸನ್ನೆ ಮಾಡುತ್ತಾಳೆ. ಬ್ಯಾಟರ್ ಹಿಂದೆ ಕುಕ್ಕರಿಸಿದ ಕ್ಯಾಚರ್ ಅದನ್ನು ಓದಿ, ಮೊಣಕಾಲುಗಳ ನಡುವೆ ಬೆರಳು ತೋರಿಸಿ ಪಿಚರ್‌ಗೆ ದಾಟಿಸುತ್ತಾಳೆ. ಮೂರೇ ಜನರ ಗುಟ್ಟು. ಪಿಚರ್ ಹುಡುಗಿ, ತಂಡದ ‘ಕಡ್ಡಿ’, ಪ್ರತಿ ಹೊಡೆತಕ್ಕೂ ಅಳುತ್ತಾಳೆ. ಉಳಿದವಳು ಕ್ಯಾಚರ್.

ಕ್ಯಾಚರ್ ಕೋಚ್‌ಳ ಸ್ವಂತ ಅಕ್ಕನ ಮಗಳು.

ಮುಂದಿನ ಸುತ್ತಿನಲ್ಲಿ ಕೋಚ್ ಮತ್ತೆ ನಿಧಾನದ್ದನ್ನೇ ಕೇಳಿದಳು. ಬಂದದ್ದು ವೇಗದ ಚೆಂಡು. ಬ್ಯಾಟರ್ ತಬ್ಬಿಬ್ಬಾಗಿ ಔಟಾದಳು. ಬೆಂಚಿನಲ್ಲಿ ಎಲ್ಲರೂ ಕಿರುಚಿದರು. ಕೋಚ್ ಮಾತ್ರ ಸುತ್ತು ಮುಗಿದು ಕ್ಯಾಚರ್ ಹತ್ತಿರ ಬರುವ ತನಕ ಹಲ್ಲು ಕಚ್ಚಿಕೊಂಡಿದ್ದಳು.

“ನಾನು ಕೇಳಿದ್ದೇನು, ನೀನು ಹಾಕಿಸಿದ್ದೇನು?”

“ಔಟಾದ್ಲಲ್ಲ ಕೋಚ್.”

“ಸನ್ನೆ ಯಾರದೇ?”

“ನಿಮ್ಮದು.” ಹುಡುಗಿ ಮುಖಗವಚ ಕಳಚಿ ಬೆವರು ಒರೆಸಿಕೊಂಡಳು. “ಎಲ್ಲಾ ನಿಮ್ಮದೇ.”

ಒಂದು ಕಾಲದಲ್ಲಿ ನಿಜಕ್ಕೂ ಎಲ್ಲವೂ ಅವಳದೇ ಆಗಿತ್ತು. ಕಾಲೇಜಿನ ದಿನಗಳಲ್ಲಿ ಅವಳ ನಿಧಾನದ ಚೆಂಡಿಗೆ ಹೆದರದವರಿರಲಿಲ್ಲ. ಆಮೇಲೊಂದು ಮಧ್ಯಾಹ್ನ ಬಲಭುಜದೊಳಗೆ ಏನೋ ಬಟ್ಟೆ ಹರಿದಂತೆ ಹರಿಯಿತು. ವೈದ್ಯರು ಹೊಲಿದರು, ತೋಳು ಮತ್ತೆ ತಲೆಯ ಮೇಲೆ ಹೋಗಲಿಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ಸೀಟಿ ಕೊರಳಿಗೆ ಬಿತ್ತು. ಅಂದಿನಿಂದ ಚೆಂಡು ಎಸೆಯುವವರು ಬೇರೆಯವರು. ಇವಳದು ಬೆಂಚಿನ ಮೂಲೆ, ಮತ್ತು ಪಂದ್ಯ ಮುಗಿದ ಮೇಲೆ ಮರಗಟ್ಟುವ ಬಲಗೈ ಬೆರಳುಗಳು. ಹಳೇ ಗಾಯ, ಬಿಡಬೇಕಲ್ಲ.

ಎದುರು ತಂಡದ ಕೋಚ್ ಕೂಡ ಆ ಕಾಲದವಳೇ. ಅಂದು ಇವಳಿಗೆ ಕ್ಯಾಚರ್ ಆಗಿದ್ದವಳು. ಒಂದು ಚೆಂಡೂ ಅವಳನ್ನು ದಾಟುತ್ತಿರಲಿಲ್ಲವೆಂದು ‘ಗೋಡೆ’ ಎನ್ನುತ್ತಿದ್ದರು. ಈಗ ಮೂರನೇ ಬೇಸಿನ ಪಕ್ಕ ನಿಂತು ತನ್ನ ಹುಡುಗಿಯರಿಗೆ ಚಪ್ಪಾಳೆ ತಟ್ಟುತ್ತಾಳೆ. ಈ ವರ್ಷ ಇವಳ ತಂಡ ಸೋಲುತ್ತಿರುವುದು ಅವಳೊಬ್ಬಳಿಗೇ. ಬೇರೆ ಯಾವ ತಂಡಕ್ಕೂ ಈ ನಿಧಾನದ ಚೆಂಡು ಸಿಕ್ಕಿಲ್ಲ.

ಪಂದ್ಯ ಸೋತ ಮೇಲೆ ಕೋಚ್ ಚೀಲ ಎತ್ತಿಕೊಂಡು ಬಸ್ಸಿನ ಹಿಂಬದಿಗೆ ಬಂದಳು. ಅಲ್ಲಿ ‘ಗೋಡೆ’ಯ ಕೈ ಹಿಡಿದುಕೊಂಡು ನಿಂತಿದ್ದಳು ಅಕ್ಕನ ಮಗಳು.

“ಚಿಕ್ಕಮ್ಮಂಗೆ ಮಾತ್ರ ಗೊತ್ತಾಗಬಾರದು. ಮಾತು ಕೊಡಿ.”

“ಆಯ್ತಮ್ಮ. ಆದ್ರೆ ಆಟದಲ್ಲಿ ನಾನು ಬಿಟ್ಟುಕೊಡಲ್ಲ, ನೋಡು.”

ಕೋಚ್ ಬಸ್ಸಿನ ಮರೆಗೆ ಸರಿದಳು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ.

ಸಂಜೆ ಸಾಮಾನಿನ ಕೋಣೆಯಲ್ಲಿ ಹುಡುಗಿಯನ್ನು ನಿಲ್ಲಿಸಿ ಕೇಳಿದಳು. “ಎಷ್ಟು ದಿನದಿಂದ ಮಾರ್ಕೊಳ್ತಿದ್ದೀಯ?”

“ನಾನು ಏನೂ ಮಾರಿಲ್ಲ ಚಿಕ್ಕಮ್ಮ.”

“ಇಲ್ಲಿ ನಾನು ಚಿಕ್ಕಮ್ಮ ಅಲ್ಲ. ಅವಳ ಹತ್ರ ಏನು ಮಾತಾಡ್ತಿದ್ದೆ?”

ಹುಡುಗಿ ಮೊಳೆಗೆ ನೇತುಹಾಕಿದ್ದ ಬಲೆಗಳನ್ನೇ ನೋಡುತ್ತ ನಿಂತಳು. “ಬೈಯಿರಿ, ಹೊಡೀರಿ ಬೇಕಾದ್ರೆ. ಅದೊಂದು ಕೇಳ್ಬೇಡಿ.”

ಅಷ್ಟು ಸಾಕಿತ್ತು. ಕೋಚ್ ಅವಳ ಎದೆಗವಚ ಬಿಚ್ಚಿಸಿಕೊಂಡಳು. ರಾಷ್ಟ್ರೀಯ ತಂಡಕ್ಕೆ ಹುಡುಗಿಯ ಹೆಸರು ಹೆಚ್ಚು ಕಡಿಮೆ ಖಚಿತವಾಗಿತ್ತು. ನ್ಯಾಯ ಎಂದರೆ ನ್ಯಾಯ. ಆಯ್ಕೆ ಸಮಿತಿಯ ಹಿರಿಯರಿಗೆ ಕೋಚ್ ತಾನೇ ಫೋನ್ ಮಾಡಿದಳು.

“ಯೋಚನೆ ಮಾಡಿ ಹೇಳ್ತಿದ್ದೀರಾ?” ಎಂದರು ಅವರು. “ಇಂಥ ಮಾತು ಒಂದ್ಸಲ ಬಾಯಿಂದ ಬಿತ್ತು ಅಂದ್ರೆ ಆ ಹುಡುಗಿ ಮತ್ತೆ ಯಾವ ಮೈದಾನಕ್ಕೂ ಇಳಿಯೋಕಾಗಲ್ಲ.”

“ಗೊತ್ತು. ನನ್ನ ಕಣ್ಣಾರೆ ಕಂಡಿದ್ದೀನಿ.”

ಅಕ್ಕ ಒಂದೇ ಒಂದು ಸಲ ಕರೆ ಮಾಡಿದಳು. “ನಿನ್ನನ್ನ ನೋಡಿ ತಾನೇ ಅವಳು ಆಟ ಕಲಿತಿದ್ದು. ಇನ್ಮೇಲೆ ನಮ್ಮನೆ ಹೊಸಿಲು ತುಳೀಬೇಡ,” ಎಂದು ಇಟ್ಟುಬಿಟ್ಟಳು.

ಫೈನಲ್‌ಗೆ ಮತ್ತೆ ಅದೇ ಗೋಡೆಯ ತಂಡ. ಕೋಚ್ ಸನ್ನೆಗಳನ್ನೆಲ್ಲ ಬದಲಾಯಿಸಿದ್ದಳು. ಹೊಸ ಕ್ಯಾಚರ್ ಮೊದಲ ವರ್ಷದವಳು. ಹೇಳಿದ್ದನ್ನು ಗಿಳಿಯಂತೆ ಒಪ್ಪಿಸುವವಳು. ಅಕ್ಕನ ಮಗಳು ಮೈದಾನದ ಹತ್ತಿರವೂ ಸುಳಿದಿರಲಿಲ್ಲ. ಕೋಚ್ ಎಷ್ಟೋ ದಿನಗಳ ಮೇಲೆ ನೆಮ್ಮದಿಯಿಂದ ಬೆಂಚಿನ ಮೂಲೆಗೆ ಒರಗಿ ಆಟದಲ್ಲಿ ಮುಳುಗಿದಳು.

ಮೊದಲ ನಿಧಾನದ ಚೆಂಡು ಬೇಲಿ ದಾಟಿತು. ಎರಡನೆಯದೂ ದಾಟಿತು. ಮೂರನೆಯದಕ್ಕೆ ಪಂದ್ಯವೇ ಮುಗಿಯಿತು.

ಜನ ಕರಗಿದ ಮೇಲೆ ಗೋಡೆ ಬಂದು ಪಕ್ಕದಲ್ಲಿ ಕೂತಳು. ಗೆದ್ದ ಮುಖವಲ್ಲ ಅದು.

“ಆ ಹುಡುಗಿ ಹೆಸರು ತೆಗೆದುಹಾಕಿಸಿದ್ಯಂತೆ? ಈಗ ತಾನೇ ಕೇಳಿದೆ. ಏನೇ ಮಾಡ್ಬಿಟ್ಟೆ ನೀನು!”

“ನಾಟಕ ಸಾಕು. ಇವತ್ತು ಯಾರನ್ನ ಕೊಂಡ್ಕೊಂಡಿದ್ದೆ?”

“ಯಾರನ್ನೂ ಇಲ್ಲ. ಯಾವತ್ತೂ ಇಲ್ಲ. ಅವಳು ನನ್ನ ಹತ್ರ ಬೇಡ್ಕೊಂಡಿದ್ದು ಒಂದೇ, ನಿಂಗೆ ಹೇಳ್ಬೇಡಿ ಅಂತ. ಭುಜ ಹೋದ್ಮೇಲೆ ಚಿಕ್ಕಮ್ಮಂಗೆ ಉಳಿದಿರೋದು ಅದೊಂದೇ ಸುಖ, ಗೊತ್ತಾದ್ರೆ ಅದನ್ನೂ ಬಿಟ್ಬಿಡ್ತಾರೆ ಅಂದ್ಲು.”

“ಯಾವುದನ್ನ?”

“ಎಡಗೈಲಿ ಎಷ್ಟು ಸನ್ನೆ ಬದಲಾಯಿಸಿದ್ರೇನು ಬಂತು? ಇಲ್ಲಿ ಕೂತು ಪ್ರತಿ ಚೆಂಡನ್ನೂ ನೀನೇ ಎಸೀತೀಯ ಕಣೇ. ತೊಡೆ ಮೇಲೆ ಆ ಬಲಗೈ ನಿಧಾನದ ಚೆಂಡಿನ ಹಿಡಿತ ಹಿಡೀತಿದ್ದ ಹಾಗೇ ನಾನು ನನ್ನ ಬ್ಯಾಟರ್‌ಗೆ ಚಪ್ಪಾಳೆ ತಟ್ತಿದ್ದೆ.”